ರಿಮೋಟಿನ ಇನ್ನೊಂದು ತುದಿ

ಟಿವಿಯ ಕೆಳ ಅಂಚಿನಲ್ಲಿ, ಸ್ಟ್ಯಾಂಡ್‌ಬೈ ದೀಪದ ಪಕ್ಕದಲ್ಲೇ, ಕಡುಗಪ್ಪಾದ ಒಂದು ಪುಟ್ಟ ಕಿಂಡಿ ಇರುತ್ತದೆ. ಎಸಿಯ ಮುಖದ ಒಂದು ಮೂಲೆಯಲ್ಲಿ, ಸೆಟ್‌ಟಾಪ್ ಬಾಕ್ಸಿನ ಎದುರುಭಾಗದಲ್ಲಿ, ಈಚಿನ ಬಿಎಲ್‌ಡಿಸಿ ಫ್ಯಾನಿನ ತಳದಲ್ಲಿ ಕೂಡ ಅಂಥದ್ದೇ ಕಿಂಡಿ. ಅದರ ಹಿಂದೆ ಕೂತಿರುವುದು ಮೂರು ಕಾಲಿನ, ಹೆಬ್ಬೆರಳ ಉಗುರಿಗಿಂತ ಚಿಕ್ಕದಾದ ಒಂದು ಕಪ್ಪು ಬಿಡಿಭಾಗ. ರಿಪೇರಿ ಅಂಗಡಿಯಲ್ಲಿ ‘ಸೆನ್ಸರ್’ ಎಂದರೆ ಸಾಕು, ತೆಗೆದುಕೊಡುತ್ತಾರೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಿಗೆ ಅದು ‘ಟಿಎಸ್‌ಒಪಿ’. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ‘1738 ಇದೆಯಾ ಸಾರ್’ ಎಂದು ಕೇಳಿ ತಂದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಪೂರ್ತಿ ಹೆಸರು ಇನ್‌ಫ್ರಾರೆಡ್ ರಿಸೀವರ್ ಮಾಡ್ಯೂಲ್.

ರಿಮೋಟಿನ ಕಡೆಯ ಕೆಲಸ ಸುಲಭದ್ದು. ಒತ್ತಿದ ಗುಂಡಿ ಯಾವುದೆಂದು ನೋಡಿ ಒಂದು ಎಲ್‌ಇಡಿಯನ್ನು ಲೆಕ್ಕದ ಪ್ರಕಾರ ಮಿನುಗಿಸಿದರೆ ಅದರ ಪಾಲು ಮುಗಿಯಿತು. ಕಷ್ಟವೆಲ್ಲ ಈ ತುದಿಯಲ್ಲಿದೆ. ಕಿಟಕಿಯಿಂದ ಬಿಸಿಲು ಬೀಳುತ್ತಿರುತ್ತದೆ, ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ, ದೇವರ ಮುಂದೆ ದೀಪ ಹಚ್ಚಿರುತ್ತಾರೆ, ಟಿವಿಯ ಪರದೆಯೇ ಬೆಳಕು ಚೆಲ್ಲುತ್ತಿರುತ್ತದೆ. ಇಷ್ಟರ ನಡುವೆ, ಸೋಫಾದ ಮೂಲೆಯಿಂದ, ಅದೂ ಹಲವು ಸಲ ಗುರಿಯೇ ಇಲ್ಲದೆ ಗೋಡೆಯ ಕಡೆ ತಿರುಗಿಸಿ ಹಿಡಿದ ರಿಮೋಟಿನಿಂದ ಹೊರಟ ಬೆಳಕಿನ ಚೂರನ್ನು ಅದು ಹಿಡಿಯಬೇಕು. ಬೇಕಾದ್ದನ್ನು ಹಿಡಿಯುವುದು ಅದರ ಕೆಲಸದ ಸಣ್ಣ ಪಾಲು. ಕಣ್ಣಿಗೆ ಬೀಳುವ ಮಿಕ್ಕ ಎಲ್ಲವನ್ನೂ, ದಿನವಿಡೀ, ವರ್ಷಗಟ್ಟಲೆ, ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದೇ ದೊಡ್ಡ ಪಾಲು. ಈ ಬಿಡಿಭಾಗದ ಎಂಜಿನಿಯರಿಂಗ್ ಸೊಗಸೆಲ್ಲ ಇರುವುದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ಕಷ್ಟ ಎಷ್ಟರದ್ದು ಎಂಬುದು ಅಂಕಿಗಳಲ್ಲಿ ಸ್ಪಷ್ಟವಾಗುತ್ತದೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ, ವಿಷೇ ಕಂಪನಿಯ ಟಿಎಸ್‌ಒಪಿ 4838 ಮಾದರಿಯ ರಿಸೀವರ್ ಮೇಲೆ ಚದರ ಮೀಟರಿಗೆ ಸುಮಾರು 0.12 ಮಿಲಿವ್ಯಾಟ್ ಲೆಕ್ಕದಲ್ಲಿ ಬೆಳಕು ಬಿದ್ದರೂ ಅದು ರಿಮೋಟಿನ ಮಾತನ್ನು ಗುರುತಿಸುತ್ತದೆ. ಯಾರಾದರೂ ಅದರ ಮೂತಿಗೇ ರಿಮೋಟ್ ಹಿಡಿದು ಒತ್ತಿದರೆ ಚದರ ಮೀಟರಿಗೆ 30 ವ್ಯಾಟ್‌ವರೆಗಿನ ಬೆಳಕಿಗೂ ತಬ್ಬಿಬ್ಬಾಗುವುದಿಲ್ಲ. ಈ ಎರಡು ತುದಿಗಳ ನಡುವೆ ಎರಡೂವರೆ ಲಕ್ಷ ಪಟ್ಟು ಅಂತರವಿದೆ. ಇನ್ನು ಬಯಲಿನ ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಅವಗೆಂಪು. ಮನೆಯೊಳಗೆ ಬರುವುದು ಅದರ ಒಂದು ಅಂಶ ಮಾತ್ರ. ಆದರೂ ರಿಮೋಟಿನ ಸಂಕೇತಕ್ಕೆ ಹೋಲಿಸಿದರೆ ಅದೊಂದು ಮಹಾಪೂರ.

ಅವಗೆಂಪು ಎಂದರೆ ಶಾಖ ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ಕಾರಣವೂ ಇದೆ. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪಿನ ಆಚೆಗೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಪಾದರಸ ಮೇಲೇರಿತು. ಕಾಣದ ಬೆಳಕು ಪತ್ತೆಯಾದದ್ದೇ ಅದು ಕೊಟ್ಟ ಬಿಸಿಯಿಂದ. ಆದರೆ ಅವಗೆಂಪಿನ ಹರವು ಬಹಳ ದೊಡ್ಡದು. ನಮ್ಮ ಮೈಯಿಂದ ಹೊಮ್ಮುವ ಶಾಖದ ಕಿರಣಗಳ ತರಂಗಾಂತರ ಸುಮಾರು 10,000 ನ್ಯಾನೋಮೀಟರ್. ರಿಮೋಟಿನ ಎಲ್‌ಇಡಿ ಬೆಳಗುವುದು 940ರ ಆಸುಪಾಸಿನಲ್ಲಿ. ಕಣ್ಣಿಗೆ ಕಾಣುವ ಕೆಂಪು ಸುಮಾರು 700ಕ್ಕೆ ಮುಗಿಯುತ್ತದೆ, ಅಂದರೆ ರಿಮೋಟಿನ ಬೆಳಕು ನಮ್ಮ ಕಣ್ಣಿನ ಹೊಸ್ತಿಲಿನಿಂದ ಸ್ವಲ್ಪವೇ ಆಚೆ ನಿಂತಿದೆ. ಸಿಲಿಕಾನ್ ಸುಮಾರು 1100 ನ್ಯಾನೋಮೀಟರ್‌ವರೆಗೂ ಬೆಳಕನ್ನು ಗ್ರಹಿಸಬಲ್ಲದು. ಹಾಗಾಗಿ ಮನುಷ್ಯನಿಗೆ ಕಾಣದ, ಸಿಲಿಕಾನಿಗೆ ಚೆನ್ನಾಗಿ ಕಾಣುವ ಒಂದು ಕಿರಿದಾದ ಪಟ್ಟಿ ಸಿಕ್ಕಿತು. ರಿಮೋಟಿನ ವ್ಯವಹಾರವೆಲ್ಲ ನಡೆಯುವುದು ಈ ಪಟ್ಟಿಯಲ್ಲಿ.

ಅಲ್ಲಿಗೆ ತಲುಪುವ ಮೊದಲು ದಾರಿ ಸುತ್ತುಬಳಸಾಗಿತ್ತು. ಅಮೆರಿಕದ ಷಿಕಾಗೊದಲ್ಲಿ ಜೆನಿತ್ ಎಂಬ ಟಿವಿ ಕಂಪನಿ ಇತ್ತು. ಅದರ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್‌ಗೆ ಜಾಹೀರಾತು ಕಂಡರಾಗದು; ಕೂತಲ್ಲಿಂದಲೇ ಅದರ ಬಾಯಿ ಮುಚ್ಚಿಸುವ ಸಾಧನ ಬೇಕು ಎಂದು ತನ್ನ ಎಂಜಿನಿಯರುಗಳ ಬೆನ್ನು ಬಿದ್ದಿದ್ದ. 1950ರಲ್ಲಿ ಬಂದದ್ದು ತಂತಿ ಕಟ್ಟಿದ ರಿಮೋಟ್. ಜನ ಹಜಾರದಲ್ಲಿ ತಂತಿಗೆ ಕಾಲು ಎಡವಿದರು. 1955ರಲ್ಲಿ ಯೂಜೀನ್ ಪೋಲಿ ಎಂಬ ಎಂಜಿನಿಯರ್ ತಂತಿಯಿಲ್ಲದ ‘ಫ್ಲ್ಯಾಶ್‌ಮ್ಯಾಟಿಕ್’ ಮಾಡಿದ. ಅದು ಪಿಸ್ತೂಲಿನ ಆಕಾರದ ಒಂದು ಟಾರ್ಚು. ಟಿವಿ ಪರದೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಫೋಟೊಸೆಲ್‌ಗಳಿದ್ದವು. ಒಂದು ಮೂಲೆಗೆ ಬೆಳಕು ಬಿಟ್ಟರೆ ಚಾನೆಲ್ ಮುಂದಕ್ಕೆ, ಇನ್ನೊಂದಕ್ಕೆ ಬಿಟ್ಟರೆ ಹಿಂದಕ್ಕೆ, ಮತ್ತೊಂದಕ್ಕೆ ಬಿಟ್ಟರೆ ಸದ್ದು ಬಂದ್.

ತಂತಿಯಿಲ್ಲದೆ ಬೆಳಕಿನಿಂದ ಆಜ್ಞೆ ಕೊಡಬಹುದು ಎಂದು ಪೋಲಿ ತೋರಿಸಿದ್ದು ದೊಡ್ಡ ಮಾತು. ಆದರೆ ಆತನ ಫೋಟೊಸೆಲ್‌ಗೆ ಟಾರ್ಚಿನ ಬೆಳಕೂ ಒಂದೇ, ಸಂಜೆಯ ಬಿಸಿಲೂ ಒಂದೇ. ಸೂರ್ಯ ಕಿಟಕಿಗೆ ಬಂದರೆ ಚಾನೆಲ್ ತಾನಾಗಿಯೇ ಬದಲಾಗುತ್ತಿತ್ತು. ಬೆಳಕು ಬಿತ್ತೇ ಇಲ್ಲವೇ ಎಂದು ಹೇಳಲು ಅದಕ್ಕೆ ಬರುತ್ತಿತ್ತು. ಯಾರ ಬೆಳಕು ಎಂದು ಕೇಳಲು ಬರುತ್ತಿರಲಿಲ್ಲ. ರಿಸೀವರಿನ ಇಡೀ ಚರಿತ್ರೆ ಈ ಒಂದು ಕೊರತೆಯನ್ನು ತುಂಬುವ ಪ್ರಯತ್ನವೇ.

ಜೆನಿತ್ ರೇಡಿಯೊ ಅಲೆಗಳ ಬಗ್ಗೆಯೂ ಯೋಚಿಸಿತು. ಅವು ಗೋಡೆ ದಾಟುತ್ತವೆ. ನಾವು ಒತ್ತಿದರೆ ಪಕ್ಕದ ಮನೆಯ ಟಿವಿ ಆರಿದರೆ ಗತಿಯೇನು? ಹೀಗಾಗಿ ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಭೌತವಿಜ್ಞಾನಿ ರಾಬರ್ಟ್ ಆಡ್ಲರ್ ಶಬ್ದದ ದಾರಿ ಹಿಡಿದರು. 1956ರ ‘ಸ್ಪೇಸ್ ಕಮ್ಯಾಂಡ್’ ರಿಮೋಟಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಒಳಗೆ ನಾಲ್ಕು ಪುಟ್ಟ ಅಲ್ಯುಮಿನಿಯಂ ಸರಳುಗಳು, ಒಂದೊಂದರದೂ ಬೇರೆ ಬೇರೆ ಉದ್ದ. ಗುಂಡಿ ಒತ್ತಿದರೆ ಸುತ್ತಿಗೆಯೊಂದು ಸರಳಿಗೆ ಬಡಿದು, ಮನುಷ್ಯನ ಕಿವಿಗೆ ಕೇಳಿಸದಷ್ಟು ಕೀಚಲು ನಾದ ಹೊಮ್ಮುತ್ತಿತ್ತು. ಆ ನಾದವನ್ನು ಗುರುತಿಸಲು ಟಿವಿಯೊಳಗೆ ಆರು ನಿರ್ವಾತ ನಳಿಗೆಗಳನ್ನು ಹೆಚ್ಚುವರಿಯಾಗಿ ಕೂರಿಸಬೇಕಾಯಿತು. ಟಿವಿಯ ಬೆಲೆ ಸುಮಾರು ಶೇ 30ರಷ್ಟು ಏರಿತು. ಆಗಲೂ ಕಷ್ಟ ರಿಸೀವರಿನದೇ, ಖರ್ಚೂ ರಿಸೀವರಿನದೇ. ಟ್ರಾನ್ಸಿಸ್ಟರ್ ಬಂದ ಮೇಲೆ ಬೆಲೆ ಇಳಿದು, ಕಾಲು ಶತಮಾನ ಈ ವಿಧಾನವೇ ಆಳಿತು. ಆದರೂ ಬೀಗದ ಕೈಗೊಂಚಲು ಝಣ್ ಎಂದರೆ, ಚಿಲ್ಲರೆ ಕಾಸು ನೆಲಕ್ಕೆ ಬಿದ್ದರೆ, ಅದರ ಸದ್ದಿನಲ್ಲಿ ಅಡಗಿದ್ದ ಅದೇ ಕೀಚಲು ನಾದಕ್ಕೆ ಟಿವಿ ಓಗೊಡುತ್ತಿತ್ತು.

ಅಷ್ಟರಲ್ಲಿ ಬೇರೊಂದು ಕಡೆ ಬೆಳಕಿನ ಹೊಸ ಮೂಲ ಸಿದ್ಧವಾಗುತ್ತಿತ್ತು. 1961ರಲ್ಲಿ ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಜೇಮ್ಸ್ ಬಿಯಾರ್ಡ್ ಮತ್ತು ಗ್ಯಾರಿ ಪಿಟ್‌ಮನ್ ಗ್ಯಾಲಿಯಂ ಆರ್ಸೆನೈಡಿನ ಡಯೋಡ್ ಮೇಲೆ ಕೆಲಸ ಮಾಡುತ್ತಿದ್ದಾಗ ಅದು ಅವಗೆಂಪು ಬೆಳಕು ಸೂಸುತ್ತಿರುವುದನ್ನು ಕಂಡರು. 1962ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮುಂದೆ 1985ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿನ ಚಿಪ್ ವಿನ್ಯಾಸದ ಕಸುಬಿಗೆ ನಾಂದಿ ಹಾಡಿದ ಕಂಪನಿ ಇದೇ. ಅವಗೆಂಪು ಎಲ್‌ಇಡಿಯ ನಿಜವಾದ ಬಲವೆಂದರೆ ಅದರ ಚುರುಕು. ಟಾರ್ಚಿನ ತಂತಿ ಕಾದು ಬೆಳಗಿ, ತಣಿದು ಆರಲು ಹೊತ್ತು ಬೇಕು. ಎಲ್‌ಇಡಿಯನ್ನು ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಸಲ ಹಚ್ಚಿ ಆರಿಸಬಹುದು. ‘ಯಾರ ಬೆಳಕು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಚುರುಕಿನಲ್ಲಿ.

ತುಂಬಿದ ಬಸ್ಸನ್ನು ನೆನೆಸಿಕೊಳ್ಳಿ. ಎಂಜಿನ್ ಗುಡುಗುತ್ತಿದೆ, ಕಿಟಕಿಗಳು ಗಡಗಡಿಸುತ್ತಿವೆ, ಐವತ್ತು ಜನ ಮಾತಾಡುತ್ತಿದ್ದಾರೆ. ಹಿಂಬಾಗಿಲಿನಿಂದ ಕಂಡಕ್ಟರ್ ಸೀಟಿ ಊದುತ್ತಾರೆ, ಡ್ರೈವರಿಗೆ ಕೇಳಿಸುತ್ತದೆ. ಸೀಟಿ ಎಲ್ಲಕ್ಕಿಂತ ಜೋರಾಗಿದೆ ಎಂದಲ್ಲ, ಅದರ ಸ್ವರ ಬೇರೆ. ಬಸ್ಸಿನಲ್ಲಿ ಬೇರಾವುದೂ ಆ ಸ್ವರದಲ್ಲಿ ಸದ್ದು ಮಾಡುವುದಿಲ್ಲ. ಸ್ವರದಿಂದ ‘ಇದು ಕಂಡಕ್ಟರ್’ ಎಂದು ಗೊತ್ತಾಗುತ್ತದೆ. ಒಂದು ಸೀಟಿಯೋ ಎರಡೋ ಎಂಬುದರಿಂದ ನಿಲ್ಲಿಸಬೇಕೋ ಹೊರಡಬೇಕೋ ಎಂದು ತಿಳಿಯುತ್ತದೆ. ರಿಮೋಟು ಮಾಡುವುದು ಇದನ್ನೇ. ಅದರ ಎಲ್‌ಇಡಿ ಸುಮ್ಮನೆ ಹತ್ತುವುದಿಲ್ಲ. ಸೆಕೆಂಡಿಗೆ 38,000 ಸಲ ಮಿಡಿಯುತ್ತದೆ. ಆ ಮಿಡಿತ ಅದರ ಸ್ವರ. ಆ ಮಿಡಿತವನ್ನು ಒಂದಿಷ್ಟು ಹೊತ್ತು ಊದಿ, ಒಂದಿಷ್ಟು ಹೊತ್ತು ನಿಲ್ಲಿಸಿ, ಮತ್ತೆ ಊದಿ, ಹೀಗೆ ಗುಂಡಿಯ ಅಂಕಿಯನ್ನು ಕಳಿಸುತ್ತದೆ. ಬಿಸಿಲು ಎಷ್ಟೇ ಪ್ರಖರವಾಗಿರಲಿ, ಅದು ಮಿಡಿಯುವುದಿಲ್ಲ. ಮನೆಯ ಬಲ್ಬು 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಾತ್ರ ಮಂಕಾಗಿ ಬೆಳಗುತ್ತದೆ. 38 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವುದು ಮನೆಯಲ್ಲಿ ರಿಮೋಟ್ ಒಂದೇ ಎಂಬುದು ಈ ವ್ಯವಸ್ಥೆಯ ಮೂಲ ನಂಬಿಕೆ.

38 ಎಂಬ ಅಂಕಿ ಎಲ್ಲಿಂದ ಬಂತು ಎಂಬುದರಲ್ಲಿ ಹಳೆಯ ರೇಡಿಯೊದ ಪಾಲಿದೆ. ಆಕಾಶವಾಣಿ ಕೇಳುತ್ತಿದ್ದ ನಮ್ಮ ಎಎಂ ರೇಡಿಯೊಗಳೊಳಗೆ, ಯಾವ ಸ್ಟೇಷನ್ ತಿರುಗಿಸಿದರೂ, ಅದನ್ನು 455 ಕಿಲೋಹರ್ಟ್ಸ್ ಎಂಬ ಒಂದೇ ಆವರ್ತನಕ್ಕೆ ಇಳಿಸಿಕೊಂಡು ಮುಂದಿನ ಕೆಲಸ ನಡೆಯುತ್ತಿತ್ತು. ಅದಕ್ಕಾಗಿ 455ಕ್ಕೆ ಹೊಂದಿದ ಸೆರಾಮಿಕ್ ರೆಸೊನೇಟರುಗಳು ರಾಶಿಗಟ್ಟಲೆ ತಯಾರಾಗಿ ಅಗ್ಗವಾಗಿ ಸಿಗುತ್ತಿದ್ದವು. ಅವನ್ನೇ ರಿಮೋಟಿಗೆ ಹಾಕಿ 12ರಿಂದ ಭಾಗಿಸಿದರೆ ಬರುವುದು 37.9 ಕಿಲೋಹರ್ಟ್ಸ್; ವ್ಯವಹಾರಕ್ಕೆ 38. ಎಲ್ಲರೂ ಇದನ್ನೇ ಹಿಡಿಯಲಿಲ್ಲ. ಫಿಲಿಪ್ಸ್ 36ಕ್ಕೆ ನಿಂತಿತು, ಸೋನಿ 40ಕ್ಕೆ. 56ರಲ್ಲಿ ಮಿಡಿಯುವ ರಿಮೋಟುಗಳೂ ಇವೆ.

ಈಗ ಆ ಕಪ್ಪು ತುಣುಕಿನ ಒಳಕ್ಕೆ ಹೋಗೋಣ. ಮೊದಲು ಸಿಗುವುದು ಕಪ್ಪು ಬಣ್ಣವೇ. ಅದು ಬರಿಯ ಹೊದಿಕೆಯಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಸುಮಾರು 830 ನ್ಯಾನೋಮೀಟರಿನಿಂದಾಚೆಗಿನ ಅವಗೆಂಪನ್ನು ಮಾತ್ರ ಒಳಬಿಡುವ ಎಪಾಕ್ಸಿ. ನಮಗೆ ಕಲ್ಲಿದ್ದಲಿನಂತೆ ಕಾಣುವುದು 940ರ ಬೆಳಕಿಗೆ ತಿಳಿಗಾಜು. ಅದರ ಮುಂಭಾಗ ಮಸೂರದ ಹಾಗೆ ಉಬ್ಬಿ, ನೇರದಿಂದ 45 ಡಿಗ್ರಿ ಓರೆಯಾಗಿ ಬಂದ ಬೆಳಕಿಗೂ ಅರ್ಧದಷ್ಟು ದೂರದ ಹಿಡಿತ ಉಳಿಸುತ್ತದೆ. ಒಳಗೆ ಒಂದು ಪಿನ್ ಫೋಟೊಡಯೋಡ್. ಬಿದ್ದ ಬೆಳಕನ್ನು ಅತಿ ಸಣ್ಣ ಕರೆಂಟಾಗಿ ತಿರುಗಿಸುತ್ತದೆ. ಅದರ ಮಗ್ಗುಲಲ್ಲೇ ಒಂದು ಚಿಪ್. ಆ ಚಿಪ್‌ನ ಮೊದಲ ಮನೆಯಲ್ಲಿ ಬಿಸಿಲಿನಂಥ ಸ್ಥಿರ ಬೆಳಕಿನಿಂದ ಬಂದ ಕರೆಂಟನ್ನು ಪಕ್ಕಕ್ಕೆ ಹರಿಯಬಿಟ್ಟು ಮಿಡಿತದ ಪಾಲನ್ನಷ್ಟೇ ಮುಂದೆ ಕಳಿಸುತ್ತಾರೆ. ಆಮೇಲೆ ಹಿಗ್ಗಿಸುವುದು. ಆಮೇಲೆ 38ರ ಸುತ್ತಮುತ್ತಲಿನದನ್ನು ಮಾತ್ರ ಬಿಟ್ಟು ಮಿಕ್ಕಿದ್ದನ್ನು ಸೋಸುವ ಫಿಲ್ಟರ್. ಕೊನೆಗೆ ಡಿಮಾಡ್ಯುಲೇಟರ್: ಮಿಡಿತ ಇದ್ದಷ್ಟು ಹೊತ್ತು ಔಟ್‌ಪುಟ್ ಕಾಲನ್ನು ಸೊನ್ನೆಗೆ ಇಳಿಸು, ಇಲ್ಲದಾಗ ಮೇಲಕ್ಕೆ ಬಿಡು. ಹೊರಗೆ ಕೂತ ಮೈಕ್ರೊಕಂಟ್ರೋಲರಿಗೆ 38,000 ಮಿಡಿತಗಳ ಸುದ್ದಿಯೇ ಇಲ್ಲ. ಅದಕ್ಕೆ ಕಾಣುವುದು ತೊಳೆದಿಟ್ಟಂಥ ಸ್ವಚ್ಛ ಏರಿಳಿತ.

ಮೊದಮೊದಲು ಇದೆಲ್ಲ ಬೇರೆ ಬೇರೆ ಬಿಡಿಭಾಗಗಳಾಗಿ ಬೋರ್ಡಿನ ಮೇಲೆ ಹರಡಿಕೊಂಡಿರುತ್ತಿತ್ತು. ಅಷ್ಟು ಸಣ್ಣ ಕರೆಂಟಿಗೆ ಟಿವಿಯ ಒಳಗಿನ ವಿದ್ಯುತ್ ಗದ್ದಲ ತಾಗಬಾರದೆಂದು ಇಡೀ ಗುಂಪಿಗೆ ತಗಡಿನ ಪೆಟ್ಟಿಗೆ ಮುಚ್ಚುತ್ತಿದ್ದರು. ಹಳೆಯ ಟಿವಿ, ವಿಸಿಆರ್ ಬಿಚ್ಚಿದವರು ಆ ತಗಡು ಡಬ್ಬಿಯನ್ನು ನೋಡಿಯೇ ಇರುತ್ತಾರೆ. ಎಲ್ಲವನ್ನೂ ಒಂದೇ ಎಪಾಕ್ಸಿ ತುಣುಕಿನಲ್ಲಿ ಅಡಕಮಾಡಿ, ತಗಡಿನ ರಕ್ಷಣೆಯನ್ನೂ ಒಳಗೇ ಸೇರಿಸಿ, ಮೂರು ಕಾಲು ಕೊಟ್ಟು ಮಾರಿದ್ದು ಜಪಾನಿನ ಶಾರ್ಪ್, ಜರ್ಮನಿಯ ಸೀಮೆನ್ಸ್, ಟೆಲಿಫಂಕನ್‌ನಂಥ ಕಂಪನಿಗಳು. ಟೆಲಿಫಂಕನ್‌ನ ಈ ವಿಭಾಗ 1998ರಲ್ಲಿ ವಿಷೇ ಕೈಗೆ ಬಂತು. ಆ ಅಡಕವೇ ಒಂದು ದೊಡ್ಡ ಉಪಕಾರ. ಪ್ರೌಢಶಾಲೆಯ ವಿಜ್ಞಾನ ಮೇಳದಲ್ಲಿ ಮಕ್ಕಳು ರಿಮೋಟಿನಿಂದ ಓಡುವ ಗಾಡಿ ಮಾಡಿ ನಿಲ್ಲಿಸಲು ಸಾಧ್ಯವಾದದ್ದು, ಅತಿ ಕಷ್ಟದ ಅನಲಾಗ್ ಸರ್ಕ್ಯೂಟನ್ನು ಯಾರೋ ಮೂರು ಕಾಲುಗಳ ಹಿಂದೆ ಮುಗಿಸಿಟ್ಟದ್ದರಿಂದ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇನ್ನೂ ಹೇಳಿಲ್ಲ. ಎರಡೂವರೆ ಲಕ್ಷ ಪಟ್ಟಿನ ಅಂತರ ಸಂಭಾಳಿಸಲು ಚಿಪ್ ತನ್ನ ಹಿಗ್ಗಿಸುವ ಶಕ್ತಿಯನ್ನು ತಾನೇ ಏರಿಸಿ ಇಳಿಸಿಕೊಳ್ಳುತ್ತದೆ. ಇದು ಆಟೊಮ್ಯಾಟಿಕ್ ಗೇನ್ ಕಂಟ್ರೋಲ್, ಎಜಿಸಿ. ಸುತ್ತ ಗದ್ದಲ ಕಮ್ಮಿಯಿದ್ದರೆ ಕಿವಿ ಚುರುಕು, ಗದ್ದಲ ಏರಿದರೆ ಕಿವಿ ಸ್ವಲ್ಪ ಮಂದ. ಪ್ರಶ್ನೆ ಏಳುವುದು ಗದ್ದಲವೇ 38ರ ಸ್ವರದಲ್ಲಿದ್ದರೆ. ಫಿಲ್ಟರಿಗೆ ಅದನ್ನು ತಡೆಯಲಾಗದು. ಆಗ ಎಜಿಸಿ ಇನ್ನೊಂದು ಗುಣವನ್ನು ನೋಡುತ್ತದೆ: ಬಿಡುವು. ರಿಮೋಟು ಊದಿ ನಿಲ್ಲಿಸುತ್ತದೆ, ಮತ್ತೆ ಊದುತ್ತದೆ, ಒಂದು ಸಂದೇಶ ಮುಗಿದ ಮೇಲೆ ದೀರ್ಘ ಮೌನ. ಗದ್ದಲಕ್ಕೆ ಬಿಡುವಿಲ್ಲ. ಎಡೆಬಿಡದೆ ಬರುವ 38 ಕಿಲೋಹರ್ಟ್ಸ್ ಮಿಡಿತವನ್ನು ರಿಸೀವರ್ ಕೆಲ ಕ್ಷಣದಲ್ಲೇ ಗದ್ದಲವೆಂದು ತೀರ್ಮಾನಿಸಿ, ತನ್ನ ಸೂಕ್ಷ್ಮತೆಯನ್ನು ಅದರ ಮಟ್ಟದಿಂದ ಕೆಳಗಿಳಿಸಿ, ಅದನ್ನು ಮರೆತುಬಿಡುತ್ತದೆ. ಆ ಗದ್ದಲಕ್ಕಿಂತ ಬಲವಾಗಿ, ಬಿಡುವು ಕೊಟ್ಟು ಯಾರಾದರೂ ಮಾತಾಡಿದರೆ ಮಾತ್ರ ತಿರುಗಿ ನೋಡುತ್ತದೆ. ಪ್ರಾಜೆಕ್ಟ್ ಮಾಡುವ ಮಕ್ಕಳು ಎಲ್‌ಇಡಿಯನ್ನು ನಿರಂತರ 38ರಲ್ಲಿ ಮಿನುಗಿಸಿ, ‘ರಿಸೀವರ್ ಮೊದಲು ಕೆಲಸ ಮಾಡಿತು, ಆಮೇಲೆ ನಿಂತುಹೋಯಿತು’ ಎಂದು ಕಂಗಾಲಾಗುತ್ತಾರಲ್ಲ, ಅದಕ್ಕೆ ಕಾರಣ ಇದೇ. ಕನಿಷ್ಠ ಹತ್ತು ಮಿಡಿತ, ಆಮೇಲೆ ಅಷ್ಟಾದರೂ ಬಿಡುವು ಎಂಬುದು 4838ಕ್ಕೆ ತಯಾರಕರು ಬರೆದಿಟ್ಟ ನಿಯಮ. ನಿರಂತರ ಕಿರಣ ಬೇಕಾದವರಿಗೆ, ಬಾಗಿಲಿಗೆ ಅಡ್ಡ ಬಂದವರನ್ನು ಗುರುತಿಸುವಂಥ ಕೆಲಸಕ್ಕೆ, ಎಜಿಸಿ ಸ್ಥಿರವಾಗಿರುವ ಬೇರೆ ಮಾದರಿಗಳೇ ಇವೆ.

ಈ ಜಾಣ್ಮೆಗೆ ನಿಜವಾದ ಪರೀಕ್ಷೆ ಬಂದದ್ದು ಸಿಎಫ್‌ಎಲ್ ಬಲ್ಬುಗಳ ಕಾಲದಲ್ಲಿ. ಹಳೆಯ ಬುರುಡೆ ಬಲ್ಬು ರಿಸೀವರಿಗೆ ಒಂದು ರೀತಿಯ ಹೊರೆಯಾಗಿತ್ತು. ಕಣ್ಣಿಗೆ ಒಂದೇ ಪ್ರಮಾಣದ ಬೆಳಕು ಎನಿಸಿದರೂ ಬುರುಡೆ ಬಲ್ಬಿನಲ್ಲಿ ರಿಸೀವರಿಗೆ ಕಾಣುವ ಅವಗೆಂಪು ಹಗಲಿನ ಬೆಳಕಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಆದರೆ ಅದು ನಿಧಾನದ, 100 ಹರ್ಟ್ಸ್‌ನ ಬೆಳಕು, ಸೋಸಿ ಬಿಸಾಕಬಹುದು. ಸಿಎಫ್‌ಎಲ್‌ನ ಕತೆ ಬೇರೆ. ಅದರ ಬುಡದಲ್ಲಿರುವ ಎಲೆಕ್ಟ್ರಾನಿಕ್ ಬ್ಯಾಲಸ್ಟ್ ನಳಿಕೆಯನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿಡಿಸುತ್ತದೆ. ಆ ಅಂಕಿ ರಿಮೋಟಿನ ಅಂಕಿಗೆ ಹತ್ತಿರ ಬಂದರೆ ಬಲ್ಬು ರಿಮೋಟಿನ ಸ್ವರದಲ್ಲೇ ಹಾಡತೊಡಗುತ್ತದೆ. ಅದರ ಮೇಲೆ, ಬಲ್ಬು ಹಾಕಿದ ಮೊದಲ ನಿಮಿಷದಲ್ಲಿ ಪಾದರಸ ಇನ್ನೂ ಪೂರ್ತಿ ಆವಿಯಾಗಿರುವುದಿಲ್ಲ. ಒಳಗಿನ ಆರ್ಗಾನ್ ಅನಿಲವೇ ಹೆಚ್ಚು ಬೆಳಗುತ್ತದೆ, ಅದು ಸೂಸುವುದು 940ರ ನೆರೆಹೊರೆಯ ಅವಗೆಂಪನ್ನು. ಸಂಜೆ ದೀಪ ಹಾಕಿದ ತಕ್ಷಣ ರಿಮೋಟ್ ಕೆಲಸ ಮಾಡುವುದಿಲ್ಲ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದು ಆಗ ಹಲವರು ಹೇಳುತ್ತಿದ್ದುದರ ಹಿಂದೆ ಈ ಭೌತವಿಜ್ಞಾನವಿತ್ತು. ಬಲ್ಬು ತಯಾರಕರು 30ರಿಂದ 40 ಕಿಲೋಹರ್ಟ್ಸ್ ನಡುವಿನ ಜಾಗ ಬಿಟ್ಟು ಬ್ಯಾಲಸ್ಟ್ ನಡೆಸತೊಡಗಿದರು. ರಿಸೀವರ್ ತಯಾರಕರು ಇಂಥ ಗದ್ದಲವನ್ನೇ ಗುರಿಯಾಗಿಟ್ಟುಕೊಂಡು ಹೊಸ ಎಜಿಸಿಗಳನ್ನು ರೂಪಿಸಿದರು. 2015ರ ನಂತರ ಎಲ್‌ಇಡಿ ಬಲ್ಬು ಮನೆಮನೆಗೆ ಬಂದು ಹೊರೆ ತಾನಾಗಿ ಇಳಿಯಿತು. ಬಿಳಿ ಎಲ್‌ಇಡಿಯಲ್ಲಿ ಅವಗೆಂಪು ಇಲ್ಲವೆನ್ನುವಷ್ಟು ಕಡಿಮೆ.

ಸ್ವರ ಗುರುತಿಸಿದ್ದಾಯಿತು, ಇನ್ನು ಮಾತು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಜಪಾನಿನ ಎನ್‌ಇಸಿ ಕಂಪನಿ ರೂಪಿಸಿದ ಸಂಕೇತ. ಗುಂಡಿ ಒತ್ತಿದ ಕೂಡಲೇ 9 ಮಿಲಿಸೆಕೆಂಡಿನ ಒಂದು ಉದ್ದ ಮಿಡಿತ. ಹಳೆಯ ರಿಸೀವರುಗಳ ಎಜಿಸಿ ಹದಕ್ಕೆ ಬರಲಿ ಎಂದು. ಆಮೇಲೆ 4.5 ಮಿಲಿಸೆಕೆಂಡ್ ಮೌನ. ಅನಂತರ ಸೊನ್ನೆ ಮತ್ತು ಒಂದುಗಳ ಸಾಲು. ಪ್ರತಿಯೊಂದೂ ಅರ್ಧ ಮಿಲಿಸೆಕೆಂಡಿಗಿಂತ ತುಸು ಹೆಚ್ಚಿನ, ಸುಮಾರು 21 ಮಿಡಿತಗಳ ತುಣುಕಿನಿಂದ ಶುರುವಾಗುತ್ತದೆ; ಅದರ ನಂತರದ ಮೌನ ಚಿಕ್ಕದಾದರೆ ಸೊನ್ನೆ, ಉದ್ದವಾದರೆ ಒಂದು. ಮೊದಲ ಎಂಟು ಬಿಟ್‌ಗಳು ‘ನಾನು ಮಾತಾಡುತ್ತಿರುವುದು ಯಾವ ಯಂತ್ರದ ಜೊತೆ’ ಎಂಬ ವಿಳಾಸ, ಮುಂದಿನ ಎಂಟು ಅದರದೇ ತಿರುವುಮುರುವು. ಆಮೇಲೆ ಆಜ್ಞೆ, ಮತ್ತೆ ಅದರ ತಿರುವುಮುರುವು. ಎರಡೂ ತಾಳೆಯಾಗದಿದ್ದರೆ ಟಿವಿ ಇಡೀ ಸಂದೇಶವನ್ನು ಕಸಕ್ಕೆ ಹಾಕುತ್ತದೆ. ತಪ್ಪು ಆಜ್ಞೆ ಪಾಲಿಸುವುದಕ್ಕಿಂತ ಸುಮ್ಮನಿರುವುದು ಮೇಲು ಎಂಬ ನಿಲುವು ಇಲ್ಲಿಯೂ ಇದೆ. ಇಷ್ಟೆಲ್ಲ ಮುಗಿಯಲು ಬೇಕಾದ್ದು 67.5 ಮಿಲಿಸೆಕೆಂಡ್.

ಫಿಲಿಪ್ಸ್‌ನ ಆರ್‌ಸಿ-5 ಇನ್ನೂ ಚೊಕ್ಕ. ಹದಿನಾಲ್ಕೇ ಬಿಟ್, 25 ಮಿಲಿಸೆಕೆಂಡಿನೊಳಗೆ ಮಾತು ಮುಗಿಯುತ್ತದೆ. ಅದರಲ್ಲೊಂದು ಬಿಟ್ ಬಹಳ ಬುದ್ಧಿವಂತಿಕೆಯದು. ಗುಂಡಿಯಿಂದ ಬೆರಳು ತೆಗೆದು ಮತ್ತೆ ಒತ್ತಿದಾಗಲೆಲ್ಲ ಅದು ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಮಗುಚುತ್ತದೆ. 11ನೇ ಚಾನೆಲ್ ಬೇಕೆಂದು ‘1’ನ್ನು ಎರಡು ಸಲ ಒತ್ತಿದ್ದಕ್ಕೂ, ವಯಸ್ಸಾದವರು ಮರೆತು ಒಂದೇ ಸಲ ಸ್ವಲ್ಪ ಹೊತ್ತು ಒತ್ತಿ ಹಿಡಿದದ್ದಕ್ಕೂ ಇರುವ ವ್ಯತ್ಯಾಸ ಟಿವಿಗೆ ತಿಳಿಯುವುದು ಹೀಗೆ. ನಡುವೆ ಯಾರೋ ಅಡ್ಡಬಂದು ಬೆಳಕು ಕ್ಷಣಕಾಲ ಕಡಿದುಹೋದರೂ ಲೆಕ್ಕ ತಪ್ಪುವುದಿಲ್ಲ.

ಎಸಿಯ ರಿಮೋಟ್ ಬೇರೆಯೇ ಜಾತಿ. ಅದಕ್ಕೆ ತನ್ನದೇ ಪರದೆ ಇದೆ. ಆ ಪರದೆಯಲ್ಲಿ ಕಾಣುವ ಎಲ್ಲವನ್ನೂ, ಉಷ್ಣತೆ, ಫ್ಯಾನಿನ ವೇಗ, ಟೈಮರ್, ಕೂಲೋ ಡ್ರೈಯೋ ಎಂಬುದನ್ನೂ ಸೇರಿಸಿ, ನೀವು ಯಾವ ಗುಂಡಿ ಒತ್ತಿದರೂ ಪ್ರತಿ ಸಲ ಪೂರ್ತಿಯಾಗಿ ಕಳಿಸುತ್ತದೆ. ರಿಸೀವರಿಗೆ ಕೇಳಲು ಮಾತ್ರ ಬರುತ್ತದೆ, ‘ಆಯ್ತು’ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ಸಂದೇಶ ತಲುಪದಿದ್ದರೆ ರಿಮೋಟಿನ ಪರದೆ 24 ಎನ್ನುತ್ತಿರುತ್ತದೆ, ಎಸಿ 27ರಲ್ಲೇ ಇರುತ್ತದೆ. ಮತ್ತೊಮ್ಮೆ ಯಾವುದಾದರೂ ಗುಂಡಿ ಒತ್ತಿದರೆ ಎರಡೂ ಒಂದಾಗುತ್ತವೆ. ಪ್ರತಿ ಸಲವೂ ಇಡೀ ಸ್ಥಿತಿ ಕಳಿಸುವುದು ಒಮ್ಮುಖ ಸಂಪರ್ಕದ ಕೊರತೆಗೆ ಕಂಡುಕೊಂಡ ಒಳ್ಳೆಯ ಪರಿಹಾರ. ಆದರೆ ನೂರಕ್ಕೂ ಹೆಚ್ಚು ಬಿಟ್‌ಗಳ ಈ ಉದ್ದದ ಸಂದೇಶಗಳಿಗೆ ಬಿಡುವು ಕಡಿಮೆ. ಗದ್ದಲ ತಡೆಯಲೆಂದು ಬಲು ಕಟ್ಟುನಿಟ್ಟಾಗಿ ರೂಪಿಸಿದ ಎಜಿಸಿ ಇವನ್ನೂ ಗದ್ದಲವೆಂದೇ ಬಗೆಯಬಹುದು. ಯಾವ ಸಂಕೇತಕ್ಕೆ ಯಾವ ಎಜಿಸಿ ಹೊಂದುತ್ತದೆ ಎಂದು ತಯಾರಕರು ಉದ್ದುದ್ದ ಪಟ್ಟಿ ಕೊಡುವುದು ಇದಕ್ಕೇ.

ಸ್ಮಾರ್ಟ್ ಟಿವಿಗಳ ರಿಮೋಟಿಗೆ ಬ್ಲೂಟೂತ್ ಬಂದಿದೆ. ಮಾತಾಡಿ ಹುಡುಕುವುದಕ್ಕೆ ಅದು ಬೇಕು. ಹಾಗಿದ್ದೂ ಅವಗೆಂಪು ಹೋಗಿಲ್ಲ. ಟಿವಿ ಮಲಗಿರುವಾಗ ಎಚ್ಚರವಿರಬೇಕಾದ ಕಾವಲಿಗೆ ಇದಕ್ಕಿಂತ ಕಡಿಮೆ ಉಣ್ಣುವವರು ಸಿಗುವುದು ಕಷ್ಟ. 4838 ಕುಡಿಯುವ ಕರೆಂಟು ಸುಮಾರು 0.35 ಮಿಲಿಆಂಪಿಯರ್, ಅಂದರೆ 3.3 ವೋಲ್ಟಿನಲ್ಲಿ ಒಂದು ವ್ಯಾಟಿನ ಸಾವಿರದ ಒಂದು ಭಾಗಕ್ಕಿಂತ ಚೂರು ಹೆಚ್ಚು. ಸ್ಟ್ಯಾಂಡ್‌ಬೈನಲ್ಲಿ ಪೋಲಾಗುವ ವಿದ್ಯುತ್ತಿನ ಬಗ್ಗೆ 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ‘ಒಂದು ವ್ಯಾಟ್’ ಮಿತಿಯ ಕರೆ ಕೊಟ್ಟಿತು. ಯುರೋಪ್ 2013ರಿಂದ ಅದನ್ನು ಅರ್ಧ ವ್ಯಾಟಿಗೆ ಇಳಿಸಿತು. ಆ ಪೋಲಿಗೆ ಈ ಕಾವಲುಗಾರ ಕಾರಣನಲ್ಲ, ಅವನಿಗೆ ಕರೆಂಟು ಬಡಿಸುವ ಪವರ್ ಸಪ್ಲೈ ಕಾರಣ.

ಇಷ್ಟು ಹೇಳಿದ ಮೇಲೆ ಒಂದು ಉಪಯೋಗದ ಮಾತು. ‘ರಿಮೋಟ್ ಕೆಲಸ ಮಾಡುತ್ತಿಲ್ಲ’ ಎಂದು ಟಿವಿಯನ್ನೋ ಫ್ಯಾನನ್ನೋ ಬದಲಿಸಲು ಹೊರಡುವ ಮುನ್ನ ಎರಡು ತುದಿಗಳನ್ನೂ ಬೇರೆ ಬೇರೆಯಾಗಿ ನೋಡಿ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ತೋರಿಸಿ ಗುಂಡಿ ಒತ್ತಿ. ಎಲ್‌ಇಡಿ ನಸುನೇರಳೆಯಾಗಿ ಮಿನುಗಿದರೆ ರಿಮೋಟ್ ಬದುಕಿದೆ. ಹಿಂದಿನ ಕ್ಯಾಮೆರಾದಲ್ಲಿ ಅವಗೆಂಪು ತಡೆಯುವ ಫಿಲ್ಟರ್ ಬಲವಾಗಿರುವುದರಿಂದ ಅದರಲ್ಲಿ ಕಾಣದೆ ಇರಬಹುದು. ರಿಮೋಟ್ ಸರಿಯಿದ್ದರೆ ಕಿಂಡಿಯ ಮುಂದೆ ಅಂಟಿಸಿದ ಸ್ಟಿಕ್ಕರ್, ಧೂಳು, ಅದರ ಮೇಲೆ ನೇರ ಬೀಳುವ ಬಿಸಿಲು ನೋಡಿ. ಬಿಸಿಲು ಹೆಚ್ಚಾದಷ್ಟೂ ಫೋಟೊಡಯೋಡಿನ ಗದ್ದಲ ಹೆಚ್ಚಿ ದೂರದ ಹಿಡಿತ ಕಡಿಮೆಯಾಗುತ್ತದೆ, ಪರದೆ ಎಳೆದರೆ ಮರಳುತ್ತದೆ. ಅದೂ ಅಲ್ಲವಾದರೆ ಊರಿನ ಟಿವಿ ರಿಪೇರಿಯವರ ಬಳಿ ಹೋಗಿ. ಸೆನ್ಸರಿನ ಬೆಲೆ ಹೋಟೆಲಿನ ಒಂದು ತಿಂಡಿ ಕಾಫಿಯ ಖರ್ಚನ್ನು ಮೀರುವುದು ಅಪರೂಪ, ಅದನ್ನು ಬದಲಿಸುವುದು ಮೂರು ಬೆಸುಗೆಯ ಕೆಲಸ.

ಆ ಮೂರು ಬೆಸುಗೆಯಲ್ಲೂ ಎಚ್ಚರ ಬೇಕು. ಎದುರಿನಿಂದ ನೋಡಿದಾಗ ಎಲ್ಲ ರಿಸೀವರುಗಳೂ ಒಂದೇ ಥರ, ಕಾಲುಗಳ ಕ್ರಮ ಮಾತ್ರ ಬೇರೆ. ಹಳೆಯ 1738ರಲ್ಲಿ ಮೊದಲ ಕಾಲು ಗ್ರೌಂಡ್, ನಡುವಿನದು ಸಪ್ಲೈ, ಮೂರನೆಯದು ಔಟ್‌ಪುಟ್. 4838ರಲ್ಲಿ ಮೊದಲನೆಯದು ಔಟ್‌ಪುಟ್, ನಡುವಿನದು ಗ್ರೌಂಡ್, ಕೊನೆಯದು ಸಪ್ಲೈ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಗೇ ಕೂರಿಸಿದರೆ ಹೊಸ ಸೆನ್ಸರ್ ಕರೆಂಟು ಕೊಟ್ಟ ಗಳಿಗೆಯಲ್ಲೇ ಸಾಯಬಹುದು. ಹೆಸರಿನ ಕೊನೆಯ ಎರಡು ಅಂಕಿ ಆವರ್ತನ ಹೇಳುತ್ತವೆ: 36, 38, 40, 56. 38ರ ಜಾಗಕ್ಕೆ 36 ಹಾಕಿದರೂ ಕೆಲಸ ನಡೆಯುತ್ತದೆ, ದೂರ ಕುಗ್ಗುತ್ತದೆ; 56 ಹಾಕಿದರೆ ರಿಮೋಟನ್ನು ಹತ್ತಿರ ತಂದು ಹಿಡಿಯಬೇಕಾಗುತ್ತದೆ. ಸಪ್ಲೈ ಕಾಲಿನ ಪಕ್ಕ 100 ಓಮ್‌ನ ಒಂದು ರೆಸಿಸ್ಟರ್, 4.7 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್ ಇದ್ದರೆ ಅವು ಪವರ್ ಸಪ್ಲೈಯ ಗದ್ದಲ ಒಳಬರದಂತೆ ತಡೆಯಲು ಇಟ್ಟವು. ಕೆಪಾಸಿಟರ್ ಒಣಗಿಹೋಗಿ ಸೆನ್ಸರ್ ಕೆಟ್ಟಂತೆ ಕಾಣುವುದೂ ಉಂಟು. ಆದ್ದರಿಂದ ಮೊದಲು ಅದನ್ನು ಬದಲಿಸಿ ನೋಡಿ, ಸೆನ್ಸರನ್ನು ಆಮೇಲೆ ಬಿಚ್ಚಿ.